ಖುಷಿಗೊಬ್ಬ ಜಾಮೀನುದಾರ

ಕೆ.ಎನ್. ಗಣೇಶಯ್ಯನವರ ಕಾದಂಬರಿಗಳನ್ನು ಹೊಗಳುವವರು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುತ್ತಾರೆ: ಥ್ರಿಲ್ಲರ್ ನಿಜ, ಆದರೆ ಇತಿಹಾಸವೂ ತಿಳಿಯುತ್ತದೆ. ಈ ‘ಆದರೆ’ಯ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಓದಿ ಖುಷಿಪಟ್ಟೆ ಎನ್ನುವುದಕ್ಕೆ ಜಾಮೀನು ಯಾಕೆ ಬೇಕು?

‘ಕನಕ ಮುಸುಕು’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬಲ್ಲಿಂದ ಕತೆ ಎದ್ದು ಓಡುತ್ತದೆ. ಓಟ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಅವರು ಕೃಷಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದವರು, ಸಸ್ಯದ ವಿಷಯದಲ್ಲಿ ಅವರಿಗೆ ಪಾಠ ಹೇಳುವ ಯೋಗ್ಯತೆಯೂ ನನಗಿಲ್ಲ. ಅಮೆರಿಕದ ಬೆಳೆ ಕೊಲಂಬಸ್ 1492ರಲ್ಲಿ ಅತ್ತ ಹೋಗುವ ಮೊದಲೇ, ಹದಿಮೂರನೇ ಶತಮಾನದ ಸೋಮನಾಥಪುರದ ಹೊಯ್ಸಳ ದೇಗುಲಕ್ಕೆ ಹೇಗೆ ಬಂತು? ಪ್ರಶ್ನೆ ರೋಮಾಂಚಕವಾದದ್ದೇ. 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಎಂಬ ಸಂಶೋಧಕರು ಅದು ಜೋಳದ ತೆನೆಯೇ ಎಂದು ವಾದಿಸಿದರು. ನಮ್ಮವರೇ ಆದ ಪಾಯಕ್ ಮತ್ತು ಸಚನ್, ಅದು ಜೋಳವಲ್ಲ, ಮುತ್ತು ಪೋಣಿಸಿದ ಮುಕ್ತಾಫಲ ಎಂದರು. 1993ರಲ್ಲಿ, ಜೊಹಾನೆಸನ್ ಅವರ ವಾದ ಅಚ್ಚಾಗಿದ್ದ ಪತ್ರಿಕೆಯಲ್ಲೇ ಉತ್ತರವನ್ನೂ ಬರೆದರು. ಹೌದೋ ಅಲ್ಲವೋ ಎಂಬ ಈ ಎಳೆದಾಟವೇ ನನ್ನ ಮಟ್ಟಿಗೆ ಒಳ್ಳೆಯ ಸಸ್ಪೆನ್ಸ್. ಆದರೆ ನಿಧಿ ಹುಡುಕುವ ಈ ಕಾದಂಬರಿಗೆ ಅಷ್ಟು ತಾಳ್ಮೆಯಿಲ್ಲ. ಜೋಳ ಜೋಳವೇ ಆಗಬೇಕು, ಇಲ್ಲದಿದ್ದರೆ ಓಟ ನಿಲ್ಲುತ್ತದೆ.

ನನ್ನ ತಕರಾರು ಇರುವುದು ಅಡಿಟಿಪ್ಪಣಿ, ಫೋಟೊ, ಆಕರಗಳ ಪಟ್ಟಿಯ ಮೇಲೆ. ಗಣೇಶಯ್ಯನವರ ಕತೆಗಳ ಗುರುತೇ ಅವು. ಕತೆ ‘ಹೀಗಿದ್ದರೆ?’ ಎಂದು ಕೇಳುತ್ತಿರುವಾಗ, ಪುಟದ ಬುಡದಲ್ಲಿ ಸಣ್ಣಕ್ಷರ ‘ಹೀಗೇ ಇದೆ’ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ. ಕಣ್ಣು ಕೆಳಗಿಳಿದು ಮತ್ತೆ ಮೇಲೆ ಬರುವಷ್ಟರಲ್ಲಿ ಹೆದರಿಕೆ ಆರಿರುತ್ತದೆ. ಓದುಗ ಈಗ ಪಾತ್ರದ ಬೆನ್ನು ಹತ್ತಿದವನಲ್ಲ, ದಾಖಲೆ ಪರಿಶೀಲಿಸುವ ಗುಮಾಸ್ತ. ಕೊರಟಗೆರೆ ಕಡೆ ಹೊಲದಲ್ಲಿ ಸಿಪ್ಪೆ ಸುಲಿದು ಗೊತ್ತಿರುವವನಿಗೆ ಮುಸುಕಿನೊಳಗೆ ಏನಿದೆ ಎಂದು ಕಾಯುವ ಸುಖವಾದರೂ ಗೊತ್ತು. ಇಲ್ಲಿ ಸುಲಿದಿಟ್ಟ ತೆನೆಗೆ ರಸೀದಿ ಬೇರೆ.

ಇದಕ್ಕೆ ಎದುರಾಗಿ ‘ತುಳಸಿದಳ’. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಕನ್ನಡದಲ್ಲಿ ಧಾರಾವಾಹಿಯಾಗಿ ಬಂತು, 1985ರಲ್ಲಿ ಸಿನಿಮಾ ಆಯಿತು. ಮೂಢನಂಬಿಕೆ ಬಿತ್ತುತ್ತದೆ ಎಂದು ಬೈದವರು ಎಷ್ಟೋ ಮಂದಿ. ಅಲ್ಲೂ ವೈದ್ಯಕೀಯದ ಮಾಹಿತಿ ದಂಡಿಯಾಗಿದೆ ಎಂದು ನೀವು ಹೇಳಬಹುದು, ಸರಿ, ಇದೆ. ಆದರೆ ಅದು ಜಾಮೀನಾಗಿ ಬಂದದ್ದಲ್ಲ, ಎದುರಾಳಿಯಾಗಿ ಬಂದದ್ದು. ಮಗುವನ್ನು ಹಿಡಿದಿರುವುದು ಮಾಟವೋ ಕಾಯಿಲೆಯೋ ಎಂದು ಎರಡು ಬಾಗಿಲನ್ನೂ ತೆರೆದಿಟ್ಟು ಒಳಗೇ ಗುದ್ದಾಡಿಸುತ್ತದೆ. ವಿಜ್ಞಾನಕ್ಕೂ ಅಲ್ಲಿ ಬೆವರಿಳಿಯುತ್ತದೆ.

ಪಾವಗಡದ ನಮ್ಮ ಚಿಕ್ಕಮ್ಮ ಅದನ್ನು ವಾರವಾರವೂ ಓದಿದರು. ಮೂರು ದಿಕ್ಕಿಗೂ ಆಂಧ್ರ ಇರುವ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಪತ್ರಿಕೆಯಿಂದ ಹಾಳೆ ಬಿಡಿಸಿ, ದಬ್ಬಳದಲ್ಲಿ ತೂತು ಹೊಡೆದು, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದರು. ಆ ಹೊಲಿದ ಕಟ್ಟುಗಳು ಮಧುಗಿರಿ, ಶಿರಾದ ನೆಂಟರ ಮನೆಗಳನ್ನೆಲ್ಲ ಸುತ್ತಿ ಬರುತ್ತಿದ್ದವು. ಪ್ರತಿ ಕಂತಿನ ಕೆಳಗೆ ‘ಮುಂದುವರಿಯುವುದು’. ಆಕರಪಟ್ಟಿ ಇರುವ ಜಾಗದಲ್ಲಿ ಆ ಒಂದು ಪದ ಕೂತಿತ್ತು. ಎರಡೂ ಎಂಥ ಬೇರೆ ಬೇರೆ ಓದುಗರನ್ನು ಬಯಸುತ್ತವೆ ನೋಡಿ.

ಈಗ ನನ್ನ ಜಗಳ ವಿಮರ್ಶಕ ಮಿತ್ರರ ಜೊತೆ. ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂಲೆಗೊತ್ತಿದ ಪೀಳಿಗೆ ನಮ್ಮದು. ಜನಪ್ರಿಯತೆಯೇ ಅಪರಾಧ ಎಂದಿದ್ದ ನಾವು ಈಗ ಥ್ರಿಲ್ಲರಿಗೆ ಜೈ ಎನ್ನುವುದು ಹೇಗೆ? ನಾಯಕ ಪ್ರೊಫೆಸರ್ ಆದ, ಕೈಗೆ ಶಾಸನ ಬಂತು, ಓದುವವರಲ್ಲಿ ಗಂಡಸರು ಹೆಚ್ಚಾದರು, ಅಷ್ಟೇ. ಕತೆ ಕಟ್ಟುವ ಬಗೆ ಅದೇ, ಕಂತಿನ ಕೊನೆಗೆ ಕೊಕ್ಕೆ ಹಾಕುವುದೂ ಅದೇ. ನಾಯಕಿ ಬಾಗಿಲಲ್ಲಿ ಯಾರನ್ನು ಕಂಡಳು ಎಂದು ಕಾಯುವುದು ಮನರಂಜನೆಯಂತೆ. ಗುಹೆಯಲ್ಲಿ ಏನು ಕಂಡಿತು ಎಂದು ಕಾಯುವುದು ಸಂಶೋಧನೆಯಂತೆ!

ರಾಧಾದೇವಿಯವರ ‘ಅನುರಾಗ ಅಂತಃಪುರ’ 1986ರಲ್ಲಿ ರಾಜ್‌ಕುಮಾರ್ ನಟಿಸಿದ ‘ಅನುರಾಗ ಅರಳಿತು’ ಆಯಿತು. ಅದೇ ಕತೆ 1992ರಲ್ಲಿ ಚಿರಂಜೀವಿಯ ‘ಘರಾನಾ ಮೊಗುಡು’ ಆಗಿ ತೆಲುಗಿಗೆ ಹೋಯಿತು. ಭಯ ಗಡಿಯಾಚೆಯಿಂದ ಈಚೆ ಬಂತು, ಪ್ರೇಮ ಈಚೆಯಿಂದ ಆಚೆ ಹೋಯಿತು. ಚಿರಂಜೀವಿಯ ಹೆಸರು ಹೇಳುವ ಎಷ್ಟು ವಿಮರ್ಶಕರಿಗೆ ರಾಧಾದೇವಿಯವರ ಹೆಸರು ಬಾಯಿಗೆ ಬರುತ್ತದೆ? ಸೊಕ್ಕಿನ ಸಿರಿವಂತೆಯನ್ನು ಪಳಗಿಸುವ ಆ ಸಿನಿಮಾದ ರಾಜಕೀಯ ನನಗೂ ಒಪ್ಪಿಗೆಯಿಲ್ಲ. ಒಪ್ಪಿಗೆಯಿಲ್ಲದ್ದನ್ನು ಕೂತು ಓದಿ ಜಗಳವಾಡಬೇಕು, ಮೂಲೆಗೊತ್ತಬಾರದು. ಹೊಸಬರಲ್ಲಿ ಅನುಷ್ ಶೆಟ್ಟಿಯವರು ‘ಹುಲಿ ಪತ್ರಿಕೆ’ಯಂಥ ಪತ್ತೇದಾರಿಯನ್ನು ಪತ್ತೇದಾರಿ ಎಂದೇ ಓದುಗರ ಮುಂದಿಟ್ಟರು. ಆ ಧೈರ್ಯ ನನಗೆ ಇಷ್ಟ.

ಚಿಕ್ಕಮ್ಮನನ್ನು ಒಮ್ಮೆ, ‘ಅಷ್ಟೆಲ್ಲ ಓದಿ ಏನು ಕಲಿತೆ?’ ಎಂದು ಕೇಳಿದ್ದೆ. ಆಗ ನಾನು ಕಾಲೇಜಿನಲ್ಲಿ ನವ್ಯದ ಗುಂಗಿನಲ್ಲಿದ್ದೆ. ‘ಏನೂ ಕಲೀಲಿಲ್ಲ ಕಣೋ, ಚೆನ್ನಾಗಿತ್ತು ಅಷ್ಟೇ’ ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಅವರು ಹೊಲಿದ ‘ತುಳಸಿದಳ’ದಲ್ಲಿ ಒಂದು ವಾರದ ಹಾಳೆ ಇರಲಿಲ್ಲ, ಆ ವಾರದ ಪತ್ರಿಕೆ ಊರಿಗೇ ಬಂದಿರಲಿಲ್ಲ. ಕಟ್ಟು ಒಯ್ಯಲು ಬಂದವರಿಗೆಲ್ಲ ಆ ಕಂತನ್ನು ತಾವೇ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅಚ್ಚಾದ ಪುಸ್ತಕದಲ್ಲಿ ಆ ಭಾಗ ಹುಡುಕಿ ಓದಿದೆ. ಚಿಕ್ಕಮ್ಮ ಹೇಳಿದ್ದರಲ್ಲಿ ಅರ್ಧ ಅಲ್ಲಿರಲೇ ಇಲ್ಲ.