ಅನುಕಂಪದ ಆಂಗ್ಲ ನುಡಿಗಳು

ಸಾವಿನ ಮನೆಯಲ್ಲಿ ‘ಸಾರಿ’ ಎಂಬ ಶಬ್ದವು ವರದಾ ತೀರದ ಹೊಸರಿತ್ತಿಯಂಥ ಊರಲ್ಲಿಯೂ ಈಗ ಅಪರೂಪವಾಗಿ ಉಳಿದಿಲ್ಲ. ಕಾಲು ತುಳಿದವನೂ ಅದನ್ನೇ ಅನ್ನುವನು, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತವನೂ ಅದನ್ನೇ ಅನ್ನುವನು. ಆಂಗ್ಲರ ಬಾಯಲ್ಲಿ ಆ ಶಬ್ದಕ್ಕೆ ದುಃಖ, ಕ್ಷಮಾಯಾಚನೆ ಎರಡೂ ಅರ್ಥಗಳುಂಟು. ಕನ್ನಡದಲ್ಲಿ ರೂಢವಾದದ್ದು ಹೆಚ್ಚಾಗಿ ಎರಡನೆಯದು. ಆದಕಾರಣ, ಬಂದವನು ಯಾವ ತಪ್ಪಿಗೆ ಕ್ಷಮೆ ಬೇಡುತ್ತಿರುವನೆಂಬುದು ಆ ತಾಯಿಗೆ ತಿಳಿಯದು.

‘ಅನುಕಂಪ’ ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿ ನೋಡಬೇಕು: ಒಬ್ಬನು ನಡುಗಿದರೆ ಅವನೊಡನೆ ಇನ್ನೊಬ್ಬನೂ ನಡುಗುವದು. ಈ ಶಬ್ದವನ್ನರಿಯದ ಹಿರಿಯರೂ ಹಾಗೆಯೇ ನಡೆದುಕೊಂಡರು. ನೆಲದ ಮೇಲೆ ಕುಳಿತು ‘ಹೆಂಗಾತವ್ವಾ?’ ಎಂದು ಕೇಳಿ, ಅವಳು ಹೇಳುತ್ತ ಹೋದಂತೆ ‘ಹೂಂ’ ಎನ್ನುತ್ತಿದ್ದರು. ಗೀಗೀ ಪದದ ಹಿಮ್ಮೇಳದವರು ಪಲ್ಲವಿಯನ್ನೆತ್ತಿ ಹಾಡುಗಾರನನ್ನು ಮುಂದಕ್ಕೆ ನಡೆಯಿಸುವಂತೆ, ಆ ‘ಹೂಂ’ನಲ್ಲಿ ಮುಂದೆ ಹೇಳೆಂಬ ಬೇಡಿಕೆ ಇರುತ್ತಿತ್ತು. ‘ಐ ಅಂಡರ್‌ಸ್ಟ್ಯಾಂಡ್’ ಎಂಬುದಾದರೋ, ತಿಳಿಯಿತು, ಇನ್ನು ಸಾಕು ಎಂಬಂತೆ ಕಿವಿಗೆ ಬೀಳುತ್ತದೆ.

ಒಪ್ಪಿಗೆಯ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ‘ಓಕೆ’ ಎಂದ ಮಾತ್ರಕ್ಕೆ ‘ಖರೇ ಐತ್ರಿ’ ಸಾಯಲಾರದು. ಕೈಲಾಸಂ (1884–1946) ನಾಟಕಗಳ ಪಾತ್ರಗಳು ಇಂಗ್ಲಿಷು ಬೆರೆಸಿ ಆಡಿದರೂ ಪ್ರೇಕ್ಷಕರು ಅವರನ್ನು ಮನೆಯವರೆಂದೇ ಬಗೆದರು. ‘ಕ್ಷಮಿಸಿರಿ’ ಎಂಬುದು ಗ್ರಾಂಥಿಕವೆಂದು ಬಾಯಿ ಹಿಂಜರಿದಾಗ ಮನೆಯೊಳಗೆ ‘ಸಾರಿ’ಯು ಒದಗುವದೂ ನಿಜ, ಅದಿಲ್ಲದಿದ್ದರೆ ಗಂಡಂದಿರಿಗೆ ಮೌನವೇ ಗತಿಯಾಗುತ್ತಿತ್ತು! ಸೂತಕದ ಮನೆಯಲ್ಲಿ ಮಾತ್ರ, ಶಬ್ದ ದೊರೆಯದವನು ಒಂದು ಗಳಿಗೆ ಸುಮ್ಮನೆ ಕೂಡಬಹುದು. ಆ ತಾಯಿ ತಾನಾಗಿಯೇ ಮಾತಿಗೆ ತೊಡಗುವಳು.