ಹಳೇ ಲೇತು ನೋಡುವ ಬಗೆ

ತಮಿಳುನಾಡಿನ ಕಾಂಗೇಯಂ ಎಂದರೆ ನೆನಪಾಗುವುದು ಎತ್ತು. ಜಾತ್ರೆಯಲ್ಲಿ ಬಲ್ಲವರು ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಹವ್ಯಾಸಕ್ಕೆ ಲೇತು ಕೊಳ್ಳಹೊರಟವರಿಗೂ ಇದೇ ಪಾಠ. ಹಳೇ ಮಷೀನಿನ ಮೇಲೆ ಹೊಸ ಪೇಂಟು ಮಿಂಚುತ್ತಿದ್ದರೆ ನನಗಂತೂ ಅನುಮಾನವೇ ಮೊದಲು.

ಹಳೇ ಲೇತಿನ ಹುಡುಕಾಟಕ್ಕೆ ಕಾಂಗೇಯಂ, ಕೊಯಮತ್ತೂರಿನ ಸೀಮೆ ಹೇಳಿ ಮಾಡಿಸಿದಂಥದು. 1930ರ ದಶಕದಲ್ಲಿ ಪೈಕಾರಾ ಜಲವಿದ್ಯುತ್ ಕೇಂದ್ರದ ಕರೆಂಟು ಬಂದ ಮೇಲೆ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಗಳು ಹೆಚ್ಚಿದವು. ಅವುಗಳ ಬೆನ್ನಿಗೆ ವರ್ಕ್‌ಶಾಪು, ಪಂಪು, ಮೋಟರು, ವೆಟ್ ಗ್ರೈಂಡರು. ಕಾಂಗೇಯಂನಲ್ಲಿ ಕೊಬ್ಬರಿ ಎಣ್ಣೆಯ ಮಿಲ್ಲುಗಳು. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ಶಾಫ್ಟು ಸವೆದರೆ ಲೇತು ನಡೆಸುವ ಟರ್ನರ್ ಬಾಗಿಲಿಗೇ ಹೋಗಬೇಕು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಬಂದಲ್ಲೆಲ್ಲ ಕೈ ಲೇತು ಮೂಲೆ ಸೇರುತ್ತದೆ, ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ಅಷ್ಟೆ. ಹುಡುಕುವಾಗ ಕನ್ನಡನಾಡಿನ ಎರಡು ಹೆಸರು ನೆನಪಿರಲಿ: 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ. ಗಡಿಯಾರದಿಂದ ಮನೆಮಾತಾದ ಎಚ್‌ಎಂಟಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಮೊದಲು ಮಾಡಿದ್ದು ಲೇತು. ಆದರೆ ಈ ಎರಡೂ ಕಂಪನಿಗಳ ಲೇತುಗಳಲ್ಲಿ ದೊಡ್ಡವು ಟನ್ನುಗಟ್ಟಲೆ ತೂಗುತ್ತವೆ. ಮೂರನೇ ಮಹಡಿಯ ಫ್ಲಾಟಿನವರು ಆಸೆಪಡಬೇಡಿ.

ಕಣ್ಣು ಮೊದಲು ಲೇತಿನ ಉದ್ದಕ್ಕೂ ಇರುವ ಬೆಡ್ಡಿಗೆ ಹೋಗಲಿ. ಹೆಚ್ಚಿನ ಕೆಲಸ ಕಂಬಿ ಹಿಡಿಯುವ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತವೂ ಅಲ್ಲೇ. ಟೂಲು ಹೊತ್ತ ಸ್ಯಾಡಲ್ ಓಡಾಡುವ ಜಾಗದ ಅಂಚಿನಲ್ಲಿ ಉಗುರು ಎಳೆಯಿರಿ: ಮೆಟ್ಟಿಲು ಸಿಕ್ಕಿತೇ? ಇನ್ನೊಂದು ಉಪಾಯವಿದೆ. ಸ್ಯಾಡಲನ್ನು ಚಕ್ಕಿನ ಬಳಿ ತಂದು, ತುಸು ಬಿಗಿಯಾಗಿ ಜರುಗುವಷ್ಟು ಅದರ ಸ್ಕ್ರೂ ತಿರುಗಿಸಿ, ಎದುರು ತುದಿಯ ಟೇಲ್‌ಸ್ಟಾಕಿನ ಕಡೆಗೆ ಹ್ಯಾಂಡಲ್ ಸುತ್ತಿ. ಕೊನೆವರೆಗೂ ಒಂದೇ ಬಿಗಿಯಿದ್ದರೆ ಸಂತೋಷ. ನಡುದಾರಿಯಲ್ಲಿ ಕಚ್ಚಿ ನಿಂತರೆ ಬೆಡ್ ಚಕ್ಕಿನ ಕಡೆ ಸವೆದು ತಗ್ಗಿದೆ ಎಂದರ್ಥ. ಸ್ವಲ್ಪ ಸವೆತ ಇದ್ದೇ ಇರುತ್ತದೆ, ಅದಕ್ಕೆ ಮುಖ ಸಿಂಡರಿಸಬೇಕಿಲ್ಲ. ಬೆಲೆ ಇಳಿಸಲು ಅಷ್ಟು ಸಾಕು. ಬೆಡ್ ಗ್ರೈಂಡ್ ಮಾಡಿಸುವ ಖರ್ಚು ಮಾತ್ರ ಹವ್ಯಾಸಿಯ ಜೇಬಿಗೆ ಸಲ್ಲದು.

ಮೂರು ದವಡೆಯ ಚಕ್ಕು ಓಲಾಡಿದರೆ ಎದೆಗುಂದಬೇಡಿ, ಅದನ್ನು ಬದಲಿಸಬಹುದು. ಚಕ್ಕನ್ನು ತಿರುಗಿಸುವ ಸ್ಪಿಂಡಲ್ ಓಲಾಡಿದರೆ ಬಿಟ್ಟು ಬನ್ನಿ. ಆದ್ದರಿಂದ ಡಯಲ್ ಗೇಜನ್ನು ಚಕ್ಕಿಗಲ್ಲ, ಸ್ಪಿಂಡಲಿನ ಒಳಗಿನ ಟೇಪರಿಗೇ ತಾಗಿಸಿ. ಆಮೇಲೆ ಅತಿ ಹೆಚ್ಚು ಸ್ಪೀಡಿನಲ್ಲಿ 10 ನಿಮಿಷ ಓಡಿಸಿ. ಗೇರಿನ ಒಂದೇ ಸಮನಾದ ಗುಂಯ್ ಸದ್ದು ತಪ್ಪಲ್ಲ. ತಾಳ ಹಾಕಿದಂತೆ ಟಕ್ ಟಕ್ ಬಂದರೆ ಎಲ್ಲೋ ಹಲ್ಲು ಮುರಿದಿರಬಹುದು. ನಿಲ್ಲಿಸಿ, ಬೇರಿಂಗಿರುವ ಕಡೆ ಅಂಗೈ ಇಡಿ. ಬೆಚ್ಚಗಿರಬಹುದು, ಸುಡಬಾರದು.

ಕಡೆಯ ಪರೀಕ್ಷೆಗೆ 100 ಮಿಲಿಮೀಟರ್ ಉದ್ದದ ದಪ್ಪ ಕಂಬಿ ಜೊತೆಗಿರಲಿ. ಟೇಲ್‌ಸ್ಟಾಕಿನ ಆಸರೆಯಿಲ್ಲದೆ ತೆಳುವಾಗಿ ಕಟ್ ಹೊಡೆದು, ಕಟ್ ಬಿದ್ದ ಭಾಗದ ಎರಡೂ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ 0.02 ಮಿಲಿಮೀಟರಿನೊಳಗಿದ್ದರೆ ನಮ್ಮ ಕೆಲಸಕ್ಕೆ ಧಾರಾಳ.

ಬಿಡಿ ಗೇರುಗಳನ್ನು ಎಣಿಸಿಕೊಳ್ಳಿ. ಥ್ರೆಡ್ ಕಡಿಯುವಾಗ ಸ್ಯಾಡಲನ್ನು ಎಳೆಯುವ ಲೀಡ್ ಸ್ಕ್ರೂ ಇಂಚಿನದಾದರೆ 127 ಹಲ್ಲಿನ ಗೇರನ್ನು ಕೇಳಿ ಪಡೆಯಿರಿ. 5 ಇಂಚೆಂದರೆ 127 ಮಿಲಿಮೀಟರ್, ಮಿಲಿಮೀಟರಿನ ಥ್ರೆಡ್ ಕರಾರುವಾಕ್ಕಾಗಿ ಬೀಳುವುದು ಆ ಗೇರಿನಿಂದಲೇ. ಮೋಟರ್ ತ್ರೀ ಫೇಸಿನದಾಗಿದ್ದು, ಮನೆಯಲ್ಲಿರುವುದು ಸಿಂಗಲ್ ಫೇಸಾದರೆ, ಮೋಟರ್ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಿ.

ಜಾಗವಿಲ್ಲದವರು 40 ಕಿಲೋ ಆಸುಪಾಸಿನ ಹೊಸ ಚೀನೀ ಮಿನಿ ಲೇತು ತರಬಹುದು. ಹಿತ್ತಾಳೆ, ಅಲ್ಯೂಮಿನಿಯಂ ಸೊಗಸಾಗಿ ಕಡಿಯುತ್ತದೆ. ಉಕ್ಕಿಗೆ ತಾಳ್ಮೆ ಬೇಕು. ಬಂದ ದಿನವೇ ಬಿಚ್ಚಿ, ತೊಳೆದು, ಸಡಿಲ ಬಿಗಿ ಸರಿಮಾಡಿಕೊಂಡೇ ಸ್ವಿಚ್ ಒತ್ತಿ.

ಹಳೆಯದನ್ನು ಸಾಗಿಸುವಾಗ ಬೆಲ್ಟನ್ನು ಬೆಡ್ಡಿಗೆ ಹಾಕಿ ಎತ್ತಿಸಿ. ಲೀಡ್ ಸ್ಕ್ರೂಗೆ ಭಾರ ಬಿದ್ದರೆ ಬಾಗುತ್ತದೆ, ಎತ್ತುವ ಹುಡುಗರಿಗೆ ಅದನ್ನು ಹೇಳಬೇಕಾದವರು ನೀವೇ.