ಮಂದಣ್ಣನಿಲ್ಲದ ಚಾರಣ

ನಮ್ಮ ಸಕಲೇಶಪುರ ಕಡೆಯ ಗುಡ್ಡಗಳ ಮೇಲಿನ ಚಾರಣದ ಬರಹಗಳನ್ನ ಹತ್ತು ಓದಿದ್ರೆ ಸಾಕು, ಹನ್ನೊಂದನೆಯದನ್ನ ನೀವೇ ಬರೆಯಬಹುದು. ಶುಕ್ರವಾರ ರಾತ್ರಿ ಬೆಂಗಳೂರು ಬಿಡೋದು, ಬೆಳಗಿನ ಜಾವ ಒಂದು ಕಾಫಿ, ದೋಣಿಗಾಲಿನಿಂದ ರೈಲು ಹಳಿ ಹಿಡಿದು ಎಡಕುಮೇರಿ ಕಡೆಗೆ ನಡಿಗೆ, ಸುರಂಗದೊಳಗೆ ಕಿರುಚಾಟ, ಕಾಲಿಗೆ ಇಂಬಳ, ಕೊನೆಗೆ 'ಪ್ರಕೃತಿಯ ಮಡಿಲು'. ಸುರಂಗ 57 ಅಂತ ಎಲ್ಲರೂ ತಪ್ಪದೆ ಲೆಕ್ಕ ಕೊಡ್ತಾರೆ. ಅದನ್ನ ಕೊರೆದವರು ಯಾರು, ಮಳೆಗಾಲದಲ್ಲಿ ಗುಡ್ಡ ಜಾರುವಾಗ ಹಳಿ ಕಾಯೋ ಮನುಷ್ಯ ಎಲ್ಲಿ ಮಲಗ್ತಾನೆ ಅಂತ ಯಾರೂ ಕೇಳಲ್ಲ. 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆ ನಿಂತ ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ ಮತ್ತೆ ಓಡಿತು. ಬರಹಗಳು ಮಾತ್ರ ಇನ್ನೂ ಖಾಲಿ ಹಳಿಯ ಮೇಲೇ ನಡೀತಿವೆ. ಹಳಿ ಮೇಲೆ ನಡೆಯೋದು ಕಾನೂನಿಗೆ ವಿರುದ್ಧ ಅನ್ನೋದೂ ಇವರಿಗೆ ಸಾಹಸದ ಖಾತೆಗೆ ಜಮಾ.

ಹೀಗೇ ಬರೀಬೇಕು ಅಂತೇನಿಲ್ಲ. ಬಿಲ್ ಬ್ರೈಸನ್ 1998ರಲ್ಲಿ 'ಎ ವಾಕ್ ಇನ್ ದ ವುಡ್ಸ್' ಬರೆದ. ಸುಮಾರು 3,500 ಕಿ.ಮೀ. ಉದ್ದದ ಅಪಲೇಚಿಯನ್ ಟ್ರೇಲ್ ಅವನಿಂದ ಪೂರ್ತಿ ಆಗಲೇ ಇಲ್ಲ. ಜತೆಗಾರ ಕಾಟ್ಜ್ ಶುರುವಿನಲ್ಲೇ ಭಾರ ತಾಳಲಾರದೆ ಚೀಲದಿಂದ ಊಟದ ಸಾಮಾನನ್ನೇ ತೆಗೆದು ಎಸೀತಾನೆ. ನಗು ಬರುತ್ತೆ, ಆದರೆ ಆ ನಗುವಿನ ನಡುವೆ ರೋಗ ಬಂದು ಚೆಸ್ಟ್‌ನಟ್ ಮರಗಳೇ ಅಳಿದುಹೋದ ಕತೆ, ಅರಣ್ಯ ಇಲಾಖೆ ಕಾಡೊಳಗೆ ರಸ್ತೆ ಕಡಿದ ಕತೆ ಎಲ್ಲಾ ಬರುತ್ತೆ. ಮನುಷ್ಯ ಹೋಮ್‌ವರ್ಕ್ ಮಾಡಿದಾನೆ. ಆದ್ರೂ ಅದರಲ್ಲಿ ನನಗೊಂದು ಕೊರತೆ ಕಾಣುತ್ತೆ. ಅಲ್ಲಿನ ಕಾಡು ಹೆಚ್ಚುಕಮ್ಮಿ ನಡೆಯೋರಿಗೇ ಅಂತ ಬಿಟ್ಟಿರೋ ಕಾಡು, ಅಲ್ಲೇ ಬದುಕೋರು ಪುಸ್ತಕದಲ್ಲಿ ಕಮ್ಮಿ. ನಾನು ಆಲೂರು ಕಡೆಯವನು. ನಮ್ಮೂರಲ್ಲಿ ಗುಡ್ಡ ಹತ್ತೋದು ಅಂದ್ರೆ ತಪ್ಪಿಸಿಕೊಂಡ ದನ ಹುಡುಕೋದು. (ಅದಕ್ಕೆ ಯಾರೂ ಟೀ ಶರ್ಟ್ ಕೊಡ್ತಿರಲಿಲ್ಲ.)

ಇಲ್ಲಿಗೆ ಬೇಕಾದ ಮಾದರಿ ನಮ್ಮ ಪಕ್ಕದ ಮೂಡಿಗೆರೆಯಲ್ಲೇ ಇದೆ. ತೇಜಸ್ವಿಯವರ 'ಕರ್ವಾಲೊ' ಬಂದದ್ದು 1980ರಲ್ಲಿ. ಹಾರುವ ಓತಿಯ ಕತೆ ಅಂತ ಓದ್ತೀವಿ, ಆದರೆ ನನ್ನ ಲೆಕ್ಕದಲ್ಲಿ ಕನ್ನಡದ ಅತ್ಯುತ್ತಮ ಚಾರಣ ಕಥನವೂ ಅದೇ. ಸಾಮಾನು ಹೊರೋ ತಾಪತ್ರಯ, ಅಡುಗೆಯ ಕರಿಯಪ್ಪ, ನಾಯಿ ಕಿವಿ, ದಾರೀಲಿ ಜಗಳ ಎಲ್ಲಾ ಇದೆ, ಆದರೆ ಯಾರೂ ಯಾವ ಶಿಖರವನ್ನೂ 'ಗೆಲ್ಲಲ್ಲ'. ಓತಿ ಕೊನೆಗೆ ಪ್ರಪಾತಕ್ಕೆ ತೇಲಿ ಹೋಗಿಬಿಡುತ್ತೆ. ಮುಖ್ಯವಾಗಿ, ವಿಜ್ಞಾನಿ ಕರ್ವಾಲೊ ನಡೆಯೋದು ಮಂದಣ್ಣನ ಕಣ್ಣನ್ನ ನಂಬಿ. ಜೇನು ಹಿಡಿಯೋ ಮಂದಣ್ಣ ಅಲ್ಲಿ ಗೈಡ್ ಅಲ್ಲ, ಮೊದಲು ನೋಡಿದವನು. ಈಗಿನ ಬರಹಗಳಲ್ಲಿ ಅಂಥವನು 'ಸ್ಥಳೀಯರೊಬ್ಬರು ದಾರಿ ತೋರಿಸಿದರು' ಅನ್ನೋ ಒಂದು ಸಾಲಿಗೆ ಮುಗಿದು ಹೋಗ್ತಾನೆ.

ಇದು ಬರೀ ಶೈಲಿಯ ತಕರಾರಲ್ಲ. 2023ರ ಡಿಸೆಂಬರ್ 4ರಂದು, ಎಂಟು ಸಲ ಅಂಬಾರಿ ಹೊತ್ತಿದ್ದ ಅರ್ಜುನ ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಜತೆ ಕಾದಾಡಿ ಸತ್ತ. ಸಂಜೆ ಕೆಲಸ ಬಿಟ್ಟ ತೋಟದ ಆಳುಗಳು ಆನೆ ಯಾವ ಕಡೆ ಇದೆ ಅಂತ ವಾಟ್ಸಾಪ್ ನೋಡ್ಕೊಂಡು ಮನೆ ದಾರಿ ಹಿಡೀತಾರೆ. ಚಾರಣದ ಬರಹದಲ್ಲಿ ಆನೆ ಅಂದ್ರೆ ಲದ್ದಿಯ ಒಂದು ಫೋಟೊ, ಕೆಳಗೆ ಒಂದು ನಗುವ ಎಮೋಜಿ. ಅವರು ನಡೆದ ಗುಡ್ಡವೂ ಇವರು ನಡೆದ ಗುಡ್ಡವೂ ಒಂದೇ ಅಂತ ಓದುಗನಿಗೆ ಗೊತ್ತೇ ಆಗಲ್ಲ.

'ಕರ್ವಾಲೊ' ಮೇಲೂ ನನ್ನದೊಂದು ದೂರಿದೆ. ಓತಿ ಹುಡುಕಿ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇಲ್ಲ. ನಮ್ಮ ಕಡೆ ಕಾಫಿ ಕೊಯ್ಲಿಗೆ ದಿನಾ ಬೆಳಿಗ್ಗೆ ಬುತ್ತಿ ಹಿಡಿದು, ಮಂಜಿನಲ್ಲಿ ಮಾತಾಡ್ಕೊಂಡು, ನಡುನಡುವೆ ನಿಂತು ಆನೆಯ ಸದ್ದು ಕೇಳಿಸಿಕೊಂಡು ಗುಡ್ಡ ದಾಟೋರು ಅವರೇ. ಆ ದಾರಿಯನ್ನ ಅವರಲ್ಲೇ ಯಾರಾದ್ರೂ ಬರೆದ್ರೆ ನನಗೆ ಮೊದಲು ಕಳಿಸಿ.